ಚಹಾ ಕುಡಿದ ಕೀಬೋರ್ಡು, ಮುನಿದ ಸೋದರಮಾವ

ಕಂಪ್ಯೂಟರ್ ಅಂಗಡಿ ಇಟ್ಟವನಿಗೆ ವೈರಸ್ಸಿನ ಭಯ ಇರುತ್ತದೆ ಅಂತ ಜನ ತಿಳಿದಿದ್ದಾರೆ. ವೈರಸ್ಸು ನನ್ನ ಅಂಗಡಿಯ ಮೆಟ್ಟಿಲನ್ನೇ ಹತ್ತಿಲ್ಲ. ಹತ್ತಿ ಬರುವುದು ಚಹಾ, ಮಜ್ಜಿಗೆ, ಎಲೆ-ಅಡಿಕೆಯ ರಸ; ಬಂದದ್ದೆಲ್ಲ ನೆಟ್ಟಗೆ ಕೀಬೋರ್ಡಿಗೇ ಹೋಗುತ್ತದೆ. ಇಷ್ಟು ಸಲ ಆದ ಮೇಲೆ ಮನುಷ್ಯನಿಗೆ ರೂಢಿಯಾಗಬೇಕು. ನನಗೆ ಆಗಿಲ್ಲ. ಪ್ರತಿ ಸಲವೂ ಎದೆ ಧಸಕ್ಕೆನ್ನುತ್ತದೆ, ಬಾಯಿ ತೆರೆದದ್ದು ಮುಚ್ಚುವುದಿಲ್ಲ. ನನ್ನ ಅವ್ವ ಹೇಳುವ ಪ್ರಕಾರ ನಾನು ಹುಟ್ಟಿದಾಗ ಅಳಲಿಲ್ಲವಂತೆ, ಗಾಬರಿಯಾಗಿ ಎಲ್ಲರ ಮುಖ ನೋಡಿದೆನಂತೆ.

ಕುಂದಗೋಳದ ಬಸ್‌ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಲಗ್ನದ ದಿನಗಳಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿ ಹುಬ್ಬಳ್ಳಿಯ ಪ್ರೆಸ್ಸಿಗೆ ಕಳಿಸುತ್ತೇನೆ. ಇದು ಹೊರಗಿನವರಿಗೆ ಸುಲಭದ ಕೆಲಸ ಅನ್ನಿಸಬಹುದು. ನಮ್ಮ ಕಡೆ ಹುಡುಗ-ಹುಡುಗಿಯ ಹೆಸರು ತಪ್ಪಿದರೂ ನಡೆದೀತು, ಬೀಗರ ಕಡೆಯ ಹಿರಿಯರೊಬ್ಬರ ಹೆಸರು ಬಿಟ್ಟರೆ ಮುಗಿಯಿತು. ಹಾಗೆ ಮದುವೆಗಳು ಮುರಿದದ್ದನ್ನು ನನ್ನ ಬೆಂಚಿನ ಮೇಲೆ ಕೂತವರಿಂದಲೇ ಕೇಳಿದ್ದೇನೆ. ಹೋದ ವರ್ಷ ಸಂಕ್ರಾಂತಿ ಮುಗಿದ ಮೇಲೆ ಅಂಥದ್ದೊಂದು ಲಗ್ನಪತ್ರಿಕೆಯ ನಡುವೆ ನನ್ನ ಕೀಬೋರ್ಡು ಕೈಕೊಟ್ಟಿತು. ಆ ಮೂರು ದಿನಗಳಲ್ಲಿ ನಾನು ಬೆಚ್ಚಿಬಿದ್ದ ಪ್ರಸಂಗಗಳನ್ನೇ ಇಲ್ಲಿ ಹೇಳುತ್ತಿದ್ದೇನೆ.

೧. ಸಕ್ಕರೆ ಇಲ್ಲದ ಚಹಾ

ಲಗ್ನ ನಮ್ಮ ಓಣಿಯ ಹಿರಿಯನೊಬ್ಬನ ಮಗಳದು; ನನಗೆ ಸಂಬಂಧವೇನಿಲ್ಲ, ಓಣಿಗೆಲ್ಲ ಅವನು ಕಾಕಾ. ಹುಡುಗ ಅಣ್ಣಿಗೇರಿ ಕಡೆಯವನು. ಕಾಕಾ ಗುರುವಾರ ಮುಂಜಾನೆ ಬಂದು, ನನ್ನ ಬೆನ್ನ ಹಿಂದೆ ಕೂತು, ಬೀಗರ ಕಡೆಯ ಹೆಸರುಗಳನ್ನು ಬೆರಳು ಮಡಚುತ್ತ ಹೇಳಿದ. ನಾನು ಟೈಪ್ ಹೊಡೆದೆ. ನೋಡಲು ಬೀಗರಿಗೆ ಮೊಬೈಲಿನಲ್ಲಿ ಕಳಿಸಿದೆವು. ಕೆಲಸ ಮುಗಿಯಿತೆಂದು ಎದುರಿನ ಹೋಟೆಲಿನಿಂದ ಚಹಾ ತರಿಸಿದೆ. ಕಾಕಾ ಕಪ್ಪಿನಿಂದ ಬಸಿಗೆ ಸುರುವಿಕೊಂಡು ಇನ್ನೇನು ತುಟಿಗೆ ಹಚ್ಚಬೇಕು, ಅವನ ಫೋನು ರಿಂಗಾಯಿತು.

ಫೋನಿನಲ್ಲಿದ್ದವರು ಹುಡುಗನ ಸೋದರಮಾವ, ಅಂದರೆ ಹುಡುಗನ ತಾಯಿಯ ಅಣ್ಣ. ರಿಟಾಯರ್ ಆದ ಹೆಡ್‌ಮಾಸ್ತರ್ರು. ಅವರ ದನಿ ಫೋನಿನಿಂದ ಹೊರಬಂದು ಅಂಗಡಿ ತುಂಬ ಓಡಾಡಿತು.

"ಕಾಕಾಗೋಳ ಹೆಸರು ಅದಾವು, ಅತ್ತಿಗೋಳ ಹೆಸರು ಅದಾವು. ಸೋದರಮಾವ ಸತ್ತಾನೇನ್ರಿ? ನನ್ನ ಹೆಸರು ಎಲ್ಲಿ ಐತಿ?"

ಕಾಕಾನ ಮುಖ ಬಿಳಿಚಿತು. "ಅಯ್ಯಯ್ಯ, ತಪ್ಪಾತ್ರಿ ಬೀಗರ…" ಅಂತ ಎದ್ದು ನಿಂತ. ಫೋನಿನಲ್ಲಿದ್ದವರಿಗೆ ಕೈಮುಗಿಯಲು ಹೋದ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಸಿ. ಕೈಗಳು ಕೂಡಿದವು, ಬಸಿಯ ಚಹಾ ಪೂರ್ತಿ ಕೀಬೋರ್ಡಿನ ಮೇಲೆ ಬಿತ್ತು. ಸ್ವಲ್ಪ ಪಾಲು ಮೌಸಿಗೂ ಹೋಯಿತು.

"ನನ್ನ ಹೆಸರಿಲ್ಲದ ಪತ್ರಿಕಿ ಮನಿದೇವರ ಮುಂದ ಇಟ್ರೋ, ನಾನೂ ಬರಂಗಿಲ್ಲ, ನಮ್ಮ ತಂಗಿನ್ನೂ ಕಳಸಂಗಿಲ್ಲ!" ಅಂತ ಮಾಸ್ತರ್ರು ಫೋನಿಟ್ಟರು.

ಹುಡುಗನ ತಾಯಿಯೇ ಬರದಿದ್ದರೆ ಲಗ್ನ ಎಲ್ಲಿಯದು? ಸೋಮವಾರ ಮೊದಲ ಪತ್ರಿಕೆ ಮನೆದೇವರಿಗೆ ಇಡಬೇಕು. ಅದಕ್ಕೆ ಶನಿವಾರ ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು. ಸೇರಿಸಬೇಕಾದದ್ದು ಒಂದೇ ಒಂದು ಹೆಸರು, ಆದರೆ ಹೊಡೆಯುವ ಕೀಬೋರ್ಡಿನಿಂದ ಚಹಾ ತೊಟ್ಟಿಕ್ಕುತ್ತಿದೆ! ನಾನು ವಾಯರು ಕಿತ್ತು, ಅದನ್ನು ಬೋರಲು ಹಿಡಿದು ನಿಂತೆ.

ಕಾಕಾ ನನಗೇ ಧೈರ್ಯ ಹೇಳಿದ. "ಅಂಜಬ್ಯಾಡೋ ತಮ್ಮಾ. ನನಗ ಶುಗರ್ ಐತಿ, ನಾ ಕುಡಿಯೂದು ಸಕ್ಕರಿ ಇಲ್ಲದ ಚಹಾ. ಬರೇ ನೀರಿದ್ದಂಗ ಅದು, ಆರಿ ಹೋಗತೈತಿ."

ಒಂದಿಷ್ಟು ಸಮಾಧಾನವಾಯಿತು. ಕೀಬೋರ್ಡು ಒರೆಸಿ ಮೇಜಿನ ಮೇಲಿಟ್ಟು, ಒಂದು ಗುಂಡಿ ಒತ್ತಿ ನೋಡಿದೆ. ಗುಂಡಿ ಒಳಗೆ ಹೋದದ್ದು ಮೇಲೆ ಬರಲಿಲ್ಲ. ನನ್ನ ಬೆರಳು ಅಂಟಿಕೊಂಡಿತು. ಬೆರಳು ಎತ್ತಿದರೆ ಕೀಬೋರ್ಡೂ ಮೇಲೆ ಬಂತು. ಅಷ್ಟರಲ್ಲಿ ಗೋಡೆಯ ಬಿರುಕಿನಿಂದ ಇರುವೆಗಳ ಸಾಲು ಹೊರಟು ಮೇಜನ್ನು ಹತ್ತತೊಡಗಿತು.

ನಾನು ಬಾಯಿ ತೆರೆದು ಕಾಕಾನ ಮುಖ ನೋಡಿದೆ. ಕಾಕಾ ಬೀದಿಯ ಕಡೆ ಒಮ್ಮೆ ಇಣುಕಿ, ನನ್ನ ಕಿವಿಯ ಹತ್ತಿರ ಬಂದು ಅಂದ: "ನಿಮ್ಮ ಕಾಕೂ ಮುಂದ ಹೇಳಬ್ಯಾಡಪಾ."

೨. ಮೋಟಾರ್ ಮಿಸ್ತ್ರಿಯ ತಪಾಸಣೆ

ನನ್ನ ಬಾಜೂ ಅಂಗಡಿಯವನು ಮೋಟಾರ್ ಮಿಸ್ತ್ರಿ. ಸುತ್ತಲ ಹೊಲಗಳ ಬೋರ್‌ವೆಲ್ ಮೋಟಾರುಗಳು ಸುಟ್ಟರೆ ತಂತಿ ಸುತ್ತಿ ಮತ್ತೆ ನಡೆಸುವವನು. ಗದ್ದಲ ಕೇಳಿ, ಕೈಯಲ್ಲಿ ನಟ್ಟು ತಿರುಗಿಸುವ ಪಾನಾ ಹಿಡಿದುಕೊಂಡೇ ಬಂದ.

"ಏನಾತ್ಲೇ?"

"ಕೀಬೋರ್ಡಿಗೆ ಚಹಾ ಬಿತ್ತು."

ಅವನು ಪಕ್ಕನೆ ನಕ್ಕ. "ಇಷ್ಟಕ್ಕ ಹೀಂಗ ನಿಂತೀರೇನು? ನನ್ನ ಮೋಟಾರ ವರ್ಷಾನುಗಟ್ಟಲೆ ನೀರಾಗ ಮುಣಗಿರತಾವು. ಹಚ್ಚು, ನೋಡೂಣು."

"ಒದ್ದಿ ಐತೋ, ಈಗ ಹಚ್ಚಬಾರದು…"

"ಒದ್ದಿ ಇದ್ದಾಗ ಹಚ್ಚಿದ್ರ ತಾನ ಗೊತ್ತಾಗತೈತಿ ಒದ್ದಿ ಐತೋ ಇಲ್ಲೋ ಅಂತ!"

ನಾನು ಬೇಡ ಬೇಡ ಅನ್ನುವುದರೊಳಗೆ ವಾಯರು ಚುಚ್ಚಿಯೇಬಿಟ್ಟ. ಪರದೆಯ ಮೇಲೆ ಲಗ್ನಪತ್ರಿಕೆ ತೆರೆದೇ ಇತ್ತು. ಯಾರೂ ಮುಟ್ಟದೆಯೇ ಒಂದೇ ಅಕ್ಷರ ಸಾಲಾಗಿ ಮೂಡತೊಡಗಿತು. ಮೊದಲು ವರನ ಹೆಸರಿನ ಮುಂದೆ, ಆಮೇಲೆ ಮುಹೂರ್ತದ ಮೇಲೆ, ಆಮೇಲೆ ಆಶೀರ್ವಾದ ಮಾಡುವ ಹಿರಿಯರನ್ನೆಲ್ಲ ಕೆಳಗೆ ತಳ್ಳಿಕೊಂಡು ಅದು ಎರಡನೇ ಪುಟಕ್ಕೆ ಹೋಯಿತು. ನನ್ನ ಕಣ್ಣು ಹೊರಗೆ ಬರುವುದೊಂದು ಬಾಕಿ. ಕಾಕಾ ಎರಡು ಹೆಜ್ಜೆ ಹಿಂದೆ ಸರಿದು ಶಿವಶಿವಾ ಅಂದ.

"ಚಾಲೂ ಆತ ನೋಡ್ರಿ!" ಅಂತ ಮಿಸ್ತ್ರಿ ಹೆಮ್ಮೆಯಿಂದ ಅಂದ. "ನೀರು ಎತ್ತಾಕತೈತಿ. ಒಂದೀಟು ಓಡಲಿ, ಕೆಸರು ಹೋಗಿ ತಿಳಿ ಬರತೈತಿ."

ತಿಳಿ ಬರಲಿಲ್ಲ. ಅಕ್ಷರ ನಿಂತಿತು, ಎಲ್ಲವೂ ನಿಂತಿತು. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದೆ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಏನದು ಅಂತ ಕಾಕಾ ಕೇಳಿದ. ಓದಿ ಅರ್ಥ ಹೇಳುವಾಗ ನನಗೇ ನಂಬಿಕೆ ಬರಲಿಲ್ಲ.

"ಕೀಬೋರ್ಡ ಇಲ್ಲ ಅಂತೈತಿ ಕಾಕಾ. ಮುಂದ ಹೋಗಬೇಕಂದ್ರ ಕೀಬೋರ್ಡಿನ ಗುಂಡಿ ಒತ್ತು ಅಂತೈತಿ."

ಕಾಕಾ ಪರದೆಯ ಹತ್ತಿರ ಬಗ್ಗಿ ನೋಡಿದ. ಆಮೇಲೆ ಉಸಿರುಬಿಟ್ಟು ಅಂದ: "ಅಗದಿ ನಮ್ಮ ಬೀಗರ ಸ್ವಭಾವ ನೋಡು ಇದರದ್ದು. ಕರದಿಲ್ಲ ಅಂತ ಸಿಟ್ಟು, ಕರಿಯಾಕ ಹೋದ್ರ ಬಾಗಲಾ ತಗಿಯಂಗಿಲ್ಲ!"

೩. ಬಸ್ಸಿನಲ್ಲಿ ಬಂದ ಹೊಸದು

ಹೊಸ ಕೀಬೋರ್ಡು ತಂದರಾಯಿತಲ್ಲ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡೆ. ನನ್ನ ಕಂಪ್ಯೂಟರು ಹಳೆಯ ಕಾಲದ್ದು, ಅದಕ್ಕೆ ದುಂಡು ಪಿನ್ನಿನ ಕೀಬೋರ್ಡೇ ಬೇಕು. ಚಪ್ಪಟೆ ಪಿನ್ನು ಚುಚ್ಚುವ ಕಿಂಡಿಗಳು ಎಂದೋ ಸತ್ತಿವೆ. ಲಗ್ನಪತ್ರಿಕೆಯನ್ನು ನನ್ನ ಫಾಂಟು ಇಲ್ಲದ ಬೇರೆಯವರ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರಗಳ ಬದಲು ಬರೀ ಚೌಕಗಳು ಕಾಣುತ್ತವೆ. ಹುಬ್ಬಳ್ಳಿಯ ಅಂಗಡಿಗೆ ಫೋನು ಹಚ್ಚಿದೆ. "ದುಂಡು ಪಿನ್ನಿಂದು ಒಂದ ಐತ್ರಿ, ಧೂಳಾಗ ಬಿದ್ದಿತ್ತು. ನಾಳೆ ಬಸ್ಸಿಗೆ ಹಾಕಿ ಕಳಸ್ತೇನಿ, ಕಂಡಕ್ಟರ ಕಡೆ ಇಸಗೋರಿ," ಅಂದರು. ಆ ಧೂಳಿಗೂ ನಾನು ಕೈಮುಗಿದೆ.

ಶುಕ್ರವಾರ ಮಧ್ಯಾಹ್ನ ಬಸ್ಸು ಬಂತು. ನಾನೂ ಕಾಕಾನೂ ಮದುವಣಿಗನನ್ನು ಇದಿರುಗೊಳ್ಳುವವರಂತೆ ಬಸ್ಸಿನ ಬಾಗಿಲಲ್ಲೇ ನಿಂತಿದ್ದೆವು. ಕಂಡಕ್ಟರು ಕೀಬೋರ್ಡಿನ ರಟ್ಟಿನ ಡಬ್ಬವನ್ನು ತುದಿಬೆರಳಿನಲ್ಲಿ ಹಿಡಿದು ಕೊಟ್ಟ. ಡಬ್ಬ ಹಿಡಿದ ನನ್ನ ಕೈ ಜಾರಿತು.

"ಏನ್ರಿ ಇದು?!"

"ನಾಜೂಕ ಸಾಮಾನು ಅಂದಿದ್ರು. ಮಂದಿ ಕಾಲಾಗ ಸಿಗಬಾರದಂತ ಸೀಟಿನ ಬುಡಕ ಇಟ್ಟಿದ್ದೆ. ಅದರ ಮ್ಯಾಲ ಯಾರೋ ಎಣ್ಣಿ ಡಬ್ಬಿ ಇಟ್ಟಾರ," ಅಂದ ಕಂಡಕ್ಟರು.

ಗಾಣದಲ್ಲಿ ತೆಗೆಸಿದ ಕುಸುಬಿ ಎಣ್ಣೆ. ಡಬ್ಬಿಯ ಬಿರಡೆ ಸಡಿಲಾಗಿ ದಾರಿಯುದ್ದಕ್ಕೂ ಸೋರಿದೆ. ನಾನು ರಟ್ಟು ಹರಿದು ಕೀಬೋರ್ಡು ಹೊರಗೆ ತೆಗೆದೆ. ಬಜಿ ಕರಿದು ತೆಗೆದ ಹಾಗೆ ಇತ್ತು.

ಅಷ್ಟರಲ್ಲಿ ಎಣ್ಣೆಯ ಒಡತಿ ಬಸ್ಸಿನಿಂದ ಇಳಿದಳು. ಗಟ್ಟಿಮುಟ್ಟಾದ ಹೆಣ್ಣುಮಗಳು, ಕಂಕುಳಲ್ಲಿ ಅರ್ಧ ಖಾಲಿಯಾದ ಡಬ್ಬಿ. ಕ್ಷಮೆ ಕೇಳುತ್ತಾಳೆ ಅಂದುಕೊಂಡೆ. ಆಕೆ ಕೀಬೋರ್ಡನ್ನು ನೋಡಿದಳು, ನನ್ನನ್ನು ನೋಡಿದಳು, ಸೊಂಟದ ಮೇಲೆ ಕೈ ಇಟ್ಟಳು.

"ನಿಮ್ಮ ಸಾಮಾನ ನನ್ನ ಎಣ್ಣಿ ಎಲ್ಲಾ ಕುಡದೈತಲ್ರಿ!"

"ಯಕ್ಕಾ, ಲಗ್ನದ ಕೆಲಸಕ್ಕ ತರಿಸೀನ್ರಿ, ನಿಮ್ಮ ಎಣ್ಣಿಂದ ನನ್ನ ಕೀಬೋರ್ಡ…"

"ಸ್ವಂತ ಹೊಲದ ಕುಸುಬಿರಿ. ಮಗಳ ಬಾಣಂತನಕ್ಕ ಒಯ್ಯಾಕತ್ತೇನಿ. ಕೊಡ್ರಿ ಇಲ್ಲೆ!"

ಕೀಬೋರ್ಡನ್ನು ನನ್ನ ಕೈಯಿಂದ ಕಸಿದುಕೊಂಡು, ಡಬ್ಬಿಯ ಬಾಯಿಗೆ ಓರೆಯಾಗಿ ಹಿಡಿದು, ಬೆನ್ನ ಮೇಲೆ ತಟ್ಟಿ ತಟ್ಟಿ ಎಣ್ಣೆ ಬಸಿದುಕೊಳ್ಳತೊಡಗಿದಳು. ಕಂಡಕ್ಟರು ಸೀಟಿ ಊದುವುದನ್ನು ಮರೆತು ನೋಡುತ್ತಿದ್ದ. ಡ್ರೈವರು ಇಳಿದು ಬಂದ. ಕಡೆಯ ಹನಿಯವರೆಗೂ ಬಸಿದು, ಬೆರಳಿಗೆ ಹತ್ತಿದ್ದನ್ನು ತಲೆಗೆ ಸವರಿಕೊಂಡು, ಆಕೆ ಕೀಬೋರ್ಡನ್ನು ನನಗೆ ಹಿಂದಕ್ಕೆ ಕೊಟ್ಟಳು.

"ಗುಂಡಿ ಸಂದ್ಯಾಗ ಉಳದಿದ್ದು ನಾ ಕೇಳಂಗಿಲ್ರಿ. ಲಗ್ನದ ಕೆಲಸ ಅಂತೀರಿ, ಉಡುಗೊರಿ ಅಂತ ತಿಳಕೋರಿ!"

೪. ಮಾಳಿಗೆಯ ಮೇಲೆ

ಎಣ್ಣೆ ಕುಡಿದ ಕೀಬೋರ್ಡು ಒಂದಕ್ಷರವನ್ನೂ ಹೊಡೆಯಲಿಲ್ಲ. ಉಳಿದದ್ದು ಚಹಾ ಕುಡಿದದ್ದೇ. ಹುಬ್ಬಳ್ಳಿಯ ಅಂಗಡಿಯವರು ಫೋನಿನಲ್ಲೇ ಉಪಾಯ ಹೇಳಿದರು: ಗುಂಡಿಗಳನ್ನೆಲ್ಲ ಮೀಟಿ ತೆಗೆಯಿರಿ, ಶುದ್ಧ ನೀರಿನಲ್ಲಿ ತೊಳೆಯಿರಿ, ಪೂರ್ತಿ ಒಣಗುವ ತನಕ ಹಚ್ಚಬೇಡಿ. ಅವತ್ತು ಸಂಜೆಯೇ ಮನೆಯಲ್ಲಿ ಕೂತು, ಯಾವ ಗುಂಡಿ ಎಲ್ಲಿಯದು ಅಂತ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು, ಒಂದೊಂದೇ ಮೀಟಿ ತೆಗೆದು ಬೋಗುಣಿಯಲ್ಲಿ ತೊಳೆದೆ. ಮರುದಿನ ಅಂಗಡಿಗೆ ಹೋಗುವಾಗ ಅವ್ವನಿಗೆ ಹೇಳಿದೆ: "ಅವ್ವಾ, ಇವನ್ನ ಚೊಲೋ ಬಿಸಲಾಗ ಒಣಗಸು. ಕಾಗಿ ಒಯ್ದೀತು, ನೋಡ್ಕೋ."

ಮಧ್ಯಾಹ್ನ ಬಂದು ಮಾಳಿಗೆ ಹತ್ತಿದೆ. ಮಾಳಿಗೆಯ ತುಂಬ ಕೆಂಪು ಮೆಣಸಿನಕಾಯಿ ಹರವಿತ್ತು, ಆ ವರ್ಷದ ಬೆಳೆ. ಬಿಸಿಲಿಗೆ ಘಾಟು ಎದ್ದು ಮೂಗಿಗೆ ಹೊಡೆಯುತ್ತಿತ್ತು. ಕೀಬೋರ್ಡಿನ ಹಲಗೆ ತಾಡಪತ್ರಿಯ ಒಂದು ಮೂಲೆಗೆ ಭಾರವಾಗಿ ಕೂತಿತ್ತು, ಗಾಳಿಗೆ ಹಾರಬಾರದೆಂದು. ಗುಂಡಿಗಳು ಕಾಣಲಿಲ್ಲ.

"ಗುಂಡಿ ಎಲ್ಲೆವ್ವಾ?"

"ಇಲ್ಲೇ ಅದಾವಲ್ಲೋ," ಅಂತ ಅವ್ವ ಎರಡೂ ಕೈ ಹಾಕಿ ಮೆಣಸಿನಕಾಯಿಯನ್ನು ಮಗುಚಿದಳು. ಕೆಂಪಿನ ನಡುವೆ ಅಲ್ಲೊಂದು ಇಲ್ಲೊಂದು ಕರಿಯ ಗುಂಡಿ ಹೊರಳಿ ಮತ್ತೆ ಒಳಗೆ ಹೋಯಿತು.

"ಯವ್ವಾ, ಮೆಣಸಿನಕಾಯಾಗ ಹಾಕೀಯೇನ!"

"ನೀನ ಬಿಸಲಾಗ ಒಣಗಸು ಅಂದಿ. ನಮ್ಮನ್ಯಾಗ ಬಿಸಲ ಬೀಳೂದು ಇದೊಂದ ಕಡೆ. ಮ್ಯಾಲ ಬಿಟ್ರ ಕಾಗಿ ಒಯ್ತೈತಿ ಅಂತ ಒಳಗ ಬೆರಸೇನಿ. ಮೆಣಸಿನಕಾಯಿ ಇದ್ದಲ್ಲಿ ಕಾಗಿ ಬರಂಗಿಲ್ಲ. ತಾಸಿಗೊಮ್ಮಿ ತಿರಿವಿ ಹಾಕೇನಿ, ಎಲ್ಲಾ ಬಾಜೂನೂ ಒಣಗ್ಯಾವು."

ಮಾಳಿಗೆಯ ಆಚೆ ಮೂಲೆಯಲ್ಲಿ ನೆರೆಮನೆಯ ದೊಡ್ಡವ್ವ ಕೂತು, ಒಣಗಿದ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ವಯಸ್ಸಾಗಿ ಕಣ್ಣು ಮಂಜು. ಅವಳ ಮಡಿಲಲ್ಲಿ ನನ್ನ ಒಂದಷ್ಟು ಗುಂಡಿಗಳೂ ಇದ್ದವು. ಒಂದನ್ನು ಹಿಡಿದು ಅದರ ತಳದ ಪ್ಲಾಸ್ಟಿಕ್ಕಿನ ಕಾಲನ್ನು ಬಲ ಹಾಕಿ ಮುರಿಯಲು ನೋಡುತ್ತಿದ್ದಳು. ನಾನು ಚೀರಿಕೊಂಡು ಓಡಿದೆ.

ದೊಡ್ಡವ್ವ ತಲೆ ಎತ್ತಿ ಅವ್ವನನ್ನು ಗದರಿಸಿದಳು: "ಈ ವರ್ಷ ಎಂಥಾ ಬೀಜ ಹಾಕೀರಬೇ? ಕಾಯಿ ಗಿಡ್ಡ, ಬಣ್ಣ ಇಲ್ಲ, ತೊಟ್ಟರ ಜೀವಾ ಹೋದ್ರೂ ಮುರಿಯವಲ್ದು!"

೫. ಮೊದಲೇ ಹೇಳಬೇಕಿತ್ತು

ಗುಂಡಿಗಳನ್ನು ಆರಿಸಿ, ಫೋಟೋ ನೋಡಿ ಕೂರಿಸಿ, ಶನಿವಾರ ಇಳಿಹೊತ್ತಿಗೆ ಅಂಗಡಿಯಲ್ಲಿ ಕೀಬೋರ್ಡು ಹಚ್ಚಿದೆ. ಜೀವ ಬಂತು! ಒತ್ತಿದ ಅಕ್ಷರ ಒತ್ತಿದ ಹಾಗೆ ಮೂಡಿತು. ಕಾಕಾ ಬೆನ್ನ ಹಿಂದೆ ಕೂತು ಕೈಮುಗಿದ. ಪ್ರೆಸ್ಸಿನವರು ಎರಡು ಸಲ ಫೋನು ಮಾಡಿಯಾಗಿತ್ತು. ಮೊದಲು, ತಾನಾಗಿಯೇ ಸೇವ್ ಆಗಿ ಕೂತಿದ್ದ ಮೊನ್ನೆಯ ಅಕ್ಷರದ ಪ್ರವಾಹವನ್ನು ಅಳಿಸಿ, ಹಾಳಾದ ಸಾಲುಗಳನ್ನು ಮತ್ತೆ ಹೊಡೆಯಬೇಕಿತ್ತು. ವಧುವಿನ ಹೆಸರಿನಿಂದ ಸುರುಮಾಡಿದೆ.

ಸೆಖೆಗೆ ಬೆವರು ಇಳಿಯಿತು. ಬೆರಳಿನಿಂದ ಕಣ್ಣಿನ ಮೇಲಿನ ಬೆವರು ಒರೆಸಿಕೊಂಡೆ.

ಅವ್ವ ತಾಸಿಗೊಮ್ಮೆ ಮಗುಚಿದ ಖಾರವೆಲ್ಲ ಆ ಗುಂಡಿಗಳಿಗೆ ಮೆತ್ತಿದೆ ಅನ್ನುವುದು ನನಗೆ ಆಗ ಹೊಳೆಯಿತು. ಹೊಳೆದು ಉಪಯೋಗವಿರಲಿಲ್ಲ. ಎರಡೂ ಕಣ್ಣಿಗೆ ಬೆಂಕಿ ಬಿತ್ತು. ನೀರು ಧಾರಾಕಾರ ಇಳಿಯಿತು, ಮೂಗೂ ಸೋರಿತು. ಪತ್ರಿಕೆ ಮುಗಿಯಲೇಬೇಕು ಅಂತ ಹಲ್ಲು ಕಚ್ಚಿ, ಬಿಕ್ಕುತ್ತ, ವಧುವಿನ ಹೆಸರನ್ನು ಹೊಡೆದು ಮುಗಿಸಿದೆ.

ಬೆನ್ನ ಹಿಂದಿನಿಂದ ಕಾಕಾನ ಕೈ ನನ್ನ ಹೆಗಲ ಮೇಲೆ ಬಂತು. ದನಿ ಮೆತ್ತಗಿತ್ತು.

"ಮೊದಲ ಹೇಳಬೇಕಿತ್ತಲ್ಲೋ ತಮ್ಮಾ."

"ಏನ ಕಾಕಾ?"

"ನಮ್ಮ ಓಣ್ಯಾಗ ಬೆಳದಾಂವ. ನಿನ್ನ ಮನಸಿನಾಗ ಹಿಂಗೈತಿ ಅಂತ ಒಂದ ಮಾತು ಅಂದಿದ್ರ ನಾ ಏನ ಒಲ್ಲೆ ಅಂತಿದ್ನೇನು? ಈಗ ನಿಶ್ಚಯ ಆಗೇತಲ್ಲೋ!"

ಆ ಹುಡುಗಿಯನ್ನು ನಾನು ಸರಿಯಾಗಿ ಕಣ್ಣೆತ್ತಿ ನೋಡಿದವನೂ ಅಲ್ಲ. "ಕಾಕಾ, ಖಾರ ಕಾಕಾ! ಮೆಣಸಿನಕಾಯಿ!"

"ಹೌದಪಾ ಹೌದು. ಪ್ರೀತಿ ಅಂದ್ರ ಖಾರನ."

"ಅಯ್ಯೋ, ಗುಂಡಿಗೆ ಖಾರ ಹತ್ತೇತಿ! ಬೇಕಾದ್ರ ನೀವ ಮುಟ್ಟಿ ನೋಡ್ರಿ!"

ಕಾಕಾ ನಂಬಲಿಲ್ಲ. ನನ್ನ ಸಮಾಧಾನಕ್ಕೆಂದು ಗುಂಡಿಗಳ ಮೇಲೆ ಬೆರಳಾಡಿಸಿ, ಕಣ್ಣಿಗೆ ಹಚ್ಚಿಕೊಂಡ. ಮರುಕ್ಷಣ "ಯಪ್ಪಾ!" ಅಂತ ಬೆಂಚಿನ ಮೇಲೆ ಕುಸಿದು, ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದ. ನನಗೆ ನಿಜವಾಗಿ ಹಾಯೆನಿಸಿತು. ಕಣ್ಣು ಅರೆತೆರೆದುಕೊಂಡು ಕಡೆಯ ಕೆಲಸಕ್ಕೆ ಇಳಿದೆ. ಸೋದರಮಾವಂದಿರು ಅಂತ ಹೊಡೆದು, ಮಾಸ್ತರ್ರ ಹೆಸರಿನ ಅರ್ಧಕ್ಕೆ ಬಂದಿದ್ದೆ.

ಬಾಗಿಲಲ್ಲಿ ನೆರಳು ಬಿತ್ತು. ಬಿಳಿ ಧೋತರ, ಕೋಟು, ಕೈಯಲ್ಲಿ ಛತ್ರಿ. ಅಣ್ಣಿಗೇರಿಯಿಂದ ಜಗಳ ಮಾಡಲೆಂದೇ ಹೊರಟು ಬಂದಿದ್ದ ಸೋದರಮಾವ! ಲಗ್ನ ಮುರಿದೇ ಹೋಯಿತು ಅಂದುಕೊಂಡೆ. ಅವರು ಬಾಯಿ ತೆರೆದರು, ಛತ್ರಿ ಎತ್ತಿದರು. ಪರದೆಯ ಮೇಲೆ ತಮ್ಮ ಅರ್ಧ ಹೆಸರು ಕಂಡಿತು. ಬೆಂಚಿನ ಮೇಲೆ ಬಿಕ್ಕುತ್ತಿದ್ದ ಬೀಗರು ಕಂಡರು. ಟೈಪ್ ಮಾಡುವವನ ಕೆನ್ನೆಯ ಮೇಲೆ ನೀರು ಕಂಡಿತು. ಛತ್ರಿ ನಿಧಾನವಾಗಿ ಕೆಳಗಿಳಿಯಿತು.

"ಬೀಗರ… ನನ್ನ ಹೆಸರ ಬಿಟ್ಟಿದ್ದಕ್ಕ ಇಷ್ಟು ಹಳಹಳಿ ಮಾಡ್ಕೊಂಡೀರಿ?"

ನಾನು "ಇಲ್ರಿ ಸರ್ರ, ಇದು…" ಅನ್ನುವುದರೊಳಗೆ ಕಾಕಾ ಬೆಂಚಿನ ಬುಡದಲ್ಲಿ ನನ್ನ ಕಾಲು ತುಳಿದ. ಬಾಯಿ ಮುಚ್ಚಿದೆ.

"ಇಷ್ಟು ವರ್ಷ ಸಾಲಿ ಕಲಿಸಿದೆ," ಅಂದರು ಮಾಸ್ತರ್ರು. "ರಿಟಾಯರ್ ಆದ ದಿನ ನನ್ನ ಸಲುವಾಗಿ ಒಬ್ಬರೂ ಅಳಲಿಲ್ರಿ. ಗುರುತಿಲ್ಲ ಪರಿಚಯಿಲ್ಲ, ಈ ತಮ್ಮಾನೂ ಅಳಾಕತ್ತಾನಲ್ಲ! ಸರಿಯಪಾ, ಉಳದ ಹೆಸರ ನಾನ ಹೊಡಿತೇನಿ."

ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಅವರು ಕೂತು, ನಾನು ತೋರಿಸಿದ ಗುಂಡಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಒತ್ತಿ ತಮ್ಮ ಹೆಸರನ್ನು ಪೂರ್ತಿ ಮಾಡಿದರು. ಕೆಳಗೆ 'ನಿವೃತ್ತ ಮುಖ್ಯೋಪಾಧ್ಯಾಯರು' ಅಂತಲೂ ಸೇರಿಸಿದರು. ಕಣ್ಣಂಚಿನಲ್ಲಿ ಒಂದು ಹನಿ ಬಂತು. ಅದನ್ನು ಅದೇ ಬೆರಳಿನಿಂದ ಒರೆಸಿಕೊಂಡರು.

"ಅಯ್ಯೋ ಅಯ್ಯೋ ಅಯ್ಯೋ!" ಅಂತ ಎರಡೂ ಕೈಯಲ್ಲಿ ಮುಖ ಹಿಡಿದರು. "ಬೀಗರ, ನನಗ ನಿಮ್ಮ ಮ್ಯಾಲ ಇಷ್ಟು ಅಂತಃಕರಣ ಐತಿ ಅಂತ ನನಗ ಗೊತ್ತಿರಲಿಲ್ರೀ!" ಕಾಕಾನನ್ನು ತಬ್ಬಿಕೊಂಡರು. ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಅತ್ತರು. ನಾನು ಕಂಬನಿ ಸುರಿಸುತ್ತಲೇ ಪತ್ರಿಕೆಯನ್ನು ಪ್ರೆಸ್ಸಿಗೆ ಕಳಿಸಿದೆ.

ಆ ಗದ್ದಲಕ್ಕೆ ಬಸ್‌ಸ್ಟ್ಯಾಂಡಿನ ಜನ ಬಾಗಿಲಿಗೆ ಕೂಡಿತು. ಯಾವುದೋ ಊರಿನ ಮುದುಕನೊಬ್ಬ ಚಪ್ಪಲಿ ಹೊರಗೆ ಬಿಟ್ಟು, ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು, ಸಾವಿನ ಮನೆಗೆ ಬರುವ ಹೆಜ್ಜೆ ಹಾಕುತ್ತ ಒಳಗೆ ಬಂದ. ಮಾಸ್ತರ್ರ ಬೆನ್ನು ಸವರಿ, "ಸಮಾಧಾನ ಮಾಡ್ಕೋರಿ. ಹೋಗೋರನ್ನ ಹಿಡದಿಡಾಕ ಆಗತೈತೇನು? ಎಷ್ಟೊತ್ತಿಗೆ ಇಟ್ಟೀರಿ?" ಅಂದ.

ಕಣ್ಣು ಬಿಡಲಾಗದ ಮಾಸ್ತರ್ರು ಮುದುಕನ ಕೈ ಗಟ್ಟಿಯಾಗಿ ಹಿಡಿದುಕೊಂಡು ಬಿಕ್ಕುತ್ತ ಹೇಳಿದರು: "ನಾಳೆ ಬಿಟ್ಟು ಬರೋ ರವಿವಾರ ಹನ್ನೆರಡಕ್ಕ ರೀ! ಮನಿಮಂದಿನ್ನೆಲ್ಲಾ ಕರಕೊಂಡ ಬರಬೇಕು. ನಾನ ಮುಂದ ನಿಂತು ನೀಡತೇನಿ, ಹೋಳಿಗಿ ಊಟಾ ಮಾಡದ ಹೋದ್ರ ನೋಡ್ರಿ ಮತ್ತ!"